ಮುಟ್ಟುವುದು ಕೊನೆಯ ಪಾಠ: ನಾಯಿಯ ಜೊತೆ ಹೇಗಿರಬೇಕು ಅಂತ ಮಕ್ಕಳಿಗೆ ಕಲಿಸುವ ಸಮಗ್ರ ಮಾರ್ಗದರ್ಶಿ

"ಹುಷಾರು, ಕಚ್ಚುತ್ತೆ" ಅಂತ ನೂರು ಸಲ ಹೇಳಿದರೂ ಮಗು ಮತ್ತೆ ನಾಯಿಯ ಬಾಲಕ್ಕೇ ಕೈ ಹಾಕುತ್ತದೆ. ಇಲ್ಲವೇ ದೂರದಲ್ಲಿ ನಾಯಿ ಕಂಡರೆ ಸಾಕು, ಕಿರುಚಿಕೊಂಡು ಓಡುತ್ತದೆ. ಎರಡೂ ಅಪಾಯವೇ. ನೀವು ಹೇಳಿದ್ದು ಕಮ್ಮಿಯಾಗಿಲ್ಲ, ಹೇಳಿದ ಕ್ರಮ ತಿರುಗುಮುರುಗಾಗಿದೆ ಅಷ್ಟೇ. ಹೆಚ್ಚಿನವರು ಮೊದಲ ದಿನವೇ ಮಗುವಿನ ಕೈ ಹಿಡಿದು ನಾಯಿಯ ತಲೆ ಸವರಿಸುತ್ತಾರೆ. ಅದು ಕೊನೆಗೆ ಬರಬೇಕಾದ ಪಾಠ. ಅದಕ್ಕೂ ಮೊದಲು ಐದು ಹಂತಗಳಿವೆ. ಮೊದಲನೆಯದಂತೂ ಮಗುವಿಗಲ್ಲ, ನಿಮಗೆ.

ನಾನೂ ಇದೇ ತಪ್ಪು ಮಾಡಿದವನು. ಮಗಳಿಗೆ ಆಗ ನಾಲ್ಕು ವರ್ಷ. ಗೆಳೆಯರೊಬ್ಬರ ಮನೆಯಲ್ಲಿ ಅವರ ವಯಸ್ಸಾದ ನಾಯಿ ಮೇಜಿನ ಕೆಳಗೆ ಮಲಗಿತ್ತು. ಇವಳು ತೆವಳಿಕೊಂಡು ಹೋಗಿ ಅದರ ಕುತ್ತಿಗೆ ತಬ್ಬಿಕೊಂಡಳು. ನಾಯಿ ಮುಖ ಆಚೆ ತಿರುಗಿಸಿತು. ಮೂಗು ನೆಕ್ಕಿಕೊಂಡಿತು. ಆಕಳಿಸಿತು. "ಎಷ್ಟು ಸಾಧು ನೋಡಿ" ಅಂತ ನಾವು ದೊಡ್ಡವರೆಲ್ಲ ಫೋನ್ ತೆಗೆದೆವು. ಟಕ್ ಅಂತ ಹಲ್ಲಿಗೆ ಹಲ್ಲು ತಾಗಿದ ಸದ್ದು, ಅವಳ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ. ಪುಣ್ಯಕ್ಕೆ ಗಾಯ ಆಗಲಿಲ್ಲ. ರಾತ್ರಿ ಆ ವಿಡಿಯೊವನ್ನು ಸ್ಲೋ ಮೋಷನ್‌ನಲ್ಲಿ ನೋಡಿದೆ. ಒಟ್ಟು ಹನ್ನೊಂದು ಸೆಕೆಂಡು. ಅಷ್ಟರಲ್ಲಿ ನಾಯಿ ಮೂರು ಸಲ "ಬೇಡ" ಅಂದಿತ್ತು. ಕೇಳಿಸಿಕೊಂಡವರು ಯಾರೂ ಇರಲಿಲ್ಲ.

## ಮೊದಲೇ ಜೋಡಿಸಿಟ್ಟುಕೊಳ್ಳಿ

ಜಾಸ್ತಿ ಏನೂ ಬೇಡ. ಒಂದು ಗೊಂಬೆ ನಾಯಿ, ಆದಷ್ಟು ದೊಡ್ಡದು. ಮನೆಯಲ್ಲಿ ನಾಯಿ ಇದ್ದರೆ ಬಾಗಿಲಿಗೆ ಅಡ್ಡ ಇಡುವ ಚಿಕ್ಕ ಗೇಟು, ನಾಯಿಗೆ ಅದರದ್ದೇ ಆದ ಒಂದು ಹಾಸಿಗೆ. ವಿಡಿಯೊ ತೆಗೆಯಲು ಫೋನು. ಕೊನೆಯ ಹಂತಕ್ಕೆ ಮಾತ್ರ ಒಂದು ನಿಜವಾದ ನಾಯಿ ಬೇಕು. ಅದು ಮಕ್ಕಳ ನಡುವೆ ಇದ್ದು ಪಳಗಿದ, ಆರೋಗ್ಯವಾಗಿರುವ, ರೇಬಿಸ್ ಲಸಿಕೆ ಹಾಕಿಸಿಕೊಂಡಿರುವ ದೊಡ್ಡ ನಾಯಿಯಾಗಿರಲಿ. ಮರಿ ಬೇಡ. ಮರಿಗಳು ಸೂಜಿಯಂಥ ಹಲ್ಲಿನಿಂದ ಎಲ್ಲವನ್ನೂ ಕಚ್ಚಿ ನೋಡುತ್ತವೆ, ಮೊದಲ ಪಾಠದಲ್ಲೇ ಮಗು ಅಳುತ್ತದೆ.

## ಹಂತ 1: ನಾಯಿಯ ಮೈ ಓದಲು ನೀವು ಕಲಿಯಿರಿ

"ಇದ್ದಕ್ಕಿದ್ದಂತೆ ಕಚ್ಚಿಬಿಡ್ತು" ಅನ್ನುವುದನ್ನು ನಾನು ಈಗ ಸುಲಭಕ್ಕೆ ನಂಬುವುದಿಲ್ಲ. ಸಾಮಾನ್ಯವಾಗಿ ನಾಯಿ ಮೆಟ್ಟಿಲು ಮೆಟ್ಟಿಲಾಗಿ ಅಲ್ಲಿಗೆ ಬರುತ್ತದೆ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಇದನ್ನು ಒಂದು ಏಣಿಯ ಹಾಗೆ ಜೋಡಿಸಿ ತೋರಿಸಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಪಿಳಿಪಿಳಿ ಮಾಡುವುದು, ಮೂಗು ನೆಕ್ಕಿಕೊಳ್ಳುವುದು. ಆಮೇಲೆ ತಲೆ ತಿರುಗಿಸುತ್ತದೆ, ಮೈ ತಿರುಗಿಸುತ್ತದೆ, ಎದ್ದು ಹೋಗುತ್ತದೆ. ಅದಕ್ಕೂ ಬಿಡದಿದ್ದರೆ ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ. ಇನ್ನೂ ಮೇಲೆ ಹೋದರೆ ಮೈ ಬಿಗಿಯುತ್ತದೆ, ನೋಟ ನೆಡುತ್ತದೆ. ಆಮೇಲೆ ಗುರ್ ಅನ್ನುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಕಚ್ಚುವುದು ಏಣಿಯ ತುದಿ.

ಎಲ್ಲ ನಾಯಿಯೂ ಎಲ್ಲ ಮೆಟ್ಟಿಲನ್ನೂ ತುಳಿಯುವುದಿಲ್ಲ. ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ ಅಂತ ಅನುಭವದಿಂದ ಗೊತ್ತಾದ ನಾಯಿ, ಮುಂದಿನ ಸಲ ಜೋರಾಗಿಯೇ ಶುರು ಮಾಡಬಹುದು. ಅದಕ್ಕೇ ಗುರ್ ಅಂದ ನಾಯಿಗೆ ಬೈಯಬಾರದು, ಹೊಡೆಯಬಾರದು. ಹೊಡೆದರೆ ಗುರ್ ಅನ್ನುವುದು ನಿಂತೀತು, ಒಳಗಿನ ಕಸಿವಿಸಿ ನಿಲ್ಲುವುದಿಲ್ಲ. ನಿಮಗೆ ಸಿಗುತ್ತಿದ್ದ ಮುನ್ನೆಚ್ಚರಿಕೆಯನ್ನು ನೀವೇ ಕಿತ್ತುಹಾಕಿದ ಹಾಗಾಯಿತು. ಗುರ್ ಅಂದರೆ ಮಗುವನ್ನು ಶಾಂತವಾಗಿ ಆಚೆ ಕರೆದುಕೊಳ್ಳಿ, ಅಷ್ಟೇ.

ಹೊಸಬರಿಗೆ ಸುಲಭಕ್ಕೆ ಕಾಣದ, ಆದರೆ ಕಾಣಲೇಬೇಕಾದ ಕೆಲವು ಗುರುತುಗಳಿವೆ.

ಕಣ್ಣಿನ ಬಿಳಿ. ನಾಯಿ ಮುಖ ಒಂದು ಕಡೆ ಇಟ್ಟು ಕಣ್ಣು ಮಾತ್ರ ಮಗುವಿನ ಕಡೆ ಹೊರಳಿಸುತ್ತದೆ. ಕಣ್ಣಿನ ಅಂಚಿನಲ್ಲಿ ಬಿಳಿ ಬಣ್ಣ ಚಂದ್ರನ ತುಂಡಿನ ಹಾಗೆ ಕಾಣುತ್ತದೆ. ಮಗು ತಬ್ಬಿಕೊಂಡಿರುವ ಫೋಟೊಗಳನ್ನು ಒಮ್ಮೆ ತೆಗೆದು ನೋಡಿ, ಎಷ್ಟೋ ಸಲ ಈ ಬಿಳಿ ಕಾಣುತ್ತದೆ.

ಮರಗಟ್ಟಿ ನಿಲ್ಲುವುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಅಲ್ಲಾಡುತ್ತಿದ್ದ ಬಾಲ ನಿಲ್ಲುತ್ತದೆ, ತೇಕುತ್ತಿದ್ದ ಬಾಯಿ ಮುಚ್ಚುತ್ತದೆ, ಮೈ ಕಲ್ಲಾಗುತ್ತದೆ. ಒಂದೆರಡು ಸೆಕೆಂಡು ಮಾತ್ರ. ಅದನ್ನು "ಸುಮ್ನೆ ಕೂತಿದೆ, ಪಾಪ" ಅಂತ ಓದುವವರೇ ಜಾಸ್ತಿ.

ಬಾಲ. ಬಾಲ ಆಡಿಸಿದ ಕೂಡಲೇ ಖುಷಿ ಅಂತಲ್ಲ. ಸೊಂಟದ ಸಮೇತ ಅಗಲವಾಗಿ, ಸಡಿಲವಾಗಿ ಆಡುವ ಬಾಲ ಬೇರೆ. ಮೇಲಕ್ಕೆ ನಿಮಿರಿ, ತುದಿ ಮಾತ್ರ ಬಿಗಿಯಾಗಿ ಪಟಪಟ ಆಡುವ ಬಾಲ ಬೇರೆ.

ಹೊತ್ತಲ್ಲದ ಹೊತ್ತಿನ ಕೆಲಸ. ನಿದ್ದೆ ಬಾರದೆ ಆಕಳಿಕೆ, ನೆನೆಯದೆ ಮೈ ಕೊಡವುವುದು, ಸೆಕೆ ಇಲ್ಲದೆ ತೇಕುವುದು. ಒಂದೇ ಆದರೆ ಬಿಡಿ. ಎರಡು ಮೂರು ಒಟ್ಟಿಗೆ ಬಂದರೆ ನಾಯಿಗೆ ಇರುಸುಮುರುಸಾಗಿದೆ.

ಹೊಟ್ಟೆ ಮೇಲೆ ಮಾಡಿ ಮಲಗಿದ್ದೆಲ್ಲ "ಕೆರೆಯಿರಿ" ಅನ್ನುವ ಕರೆಯಲ್ಲ, ಅದೂ ನೆನಪಿರಲಿ. ಮೈ ಬಿಗಿ ಇದ್ದು, ಬಾಲ ಹೊಟ್ಟೆಗೆ ಅಂಟಿಕೊಂಡಿದ್ದರೆ ಅದು "ನನ್ನ ಪಾಡಿಗೆ ಬಿಡಿ" ಅನ್ನುವ ಮಾತು. ಇನ್ನು "ಬೊಗಳುವ ನಾಯಿ ಕಚ್ಚುವುದಿಲ್ಲ" ಅನ್ನುವುದು ಗಾದೆಯಾಗಿ ಚೆನ್ನ, ಮಕ್ಕಳ ವಿಷಯದಲ್ಲಿ ನಂಬಬೇಡಿ.

ಅಭ್ಯಾಸಕ್ಕೆ ಒಂದು ವಾರ ಸಾಕು. ದಿನಕ್ಕೆ ಎರಡು ನಿಮಿಷ ಯಾವುದಾದರೂ ನಾಯಿಯ ವಿಡಿಯೊ ತೆಗೆದು, ಸದ್ದು ಬಂದ್ ಮಾಡಿ, ನಿಧಾನವಾಗಿ ಓಡಿಸಿ ನೋಡಿ. ಮೊದಲು ಬಾಯಿ, ಆಮೇಲೆ ಕಣ್ಣು, ಕಿವಿ, ಕೊನೆಗೆ ಬಾಲ. ಚಿಕ್ಕ ಮಕ್ಕಳಿಂದ ಈ ಓದು ನಿರೀಕ್ಷಿಸಬೇಡಿ. ಹಲ್ಲು ಕಿರಿದ ನಾಯಿಯನ್ನು ನೋಡಿ "ನಗ್ತಾ ಇದೆ" ಅನ್ನುವ ವಯಸ್ಸು ಅದು.

## ಹಂತ 2: ಮನೆಯ ಜಾಗ ಸರಿಮಾಡಿ

ಪುಟ್ಟ ಮಕ್ಕಳನ್ನು ಕಚ್ಚುವುದು ಎಷ್ಟೋ ಸಲ ಪರಿಚಯದ ನಾಯಿಯೇ. ಒಂದೋ ಮನೆಯದ್ದು, ಇಲ್ಲವೇ ನೆಂಟರದ್ದು, ಪಕ್ಕದ ಮನೆಯದ್ದು. ಗಾಯವೂ ಮುಖ, ತಲೆ, ಕುತ್ತಿಗೆಗೆ ಜಾಸ್ತಿ, ಯಾಕೆಂದರೆ ಮಗುವಿನ ಎತ್ತರವೇ ಅಷ್ಟು. ಹಾಗಾಗಿ "ನಮ್ಮ ನಾಯಿ ಏನೂ ಮಾಡಲ್ಲ" ಅನ್ನುವ ಮಾತನ್ನು ಮೊದಲು ಬಿಡಿ.

ನಾಯಿಯ ಹಾಸಿಗೆ ಮನೆಯ ಒಂದು ಮೂಲೆಯಲ್ಲಿರಲಿ, ಜನ ದಾಟಿ ಓಡಾಡುವ ದಾರಿಯಲ್ಲಿ ಬೇಡ. ಅಲ್ಲಿಗೆ ಮಗು ಹೋಗುವಂತಿಲ್ಲ, ಯಾವತ್ತೂ. ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ ಗಡಿ ತೋರಿಸಿದರೆ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಆ ಹಾಸಿಗೆಗೆ ಹೋದ ನಾಯಿಯನ್ನು ನೀವೂ ಸುಮ್ಮಸುಮ್ಮನೆ ಎಬ್ಬಿಸಬೇಡಿ.

ಕಾವಲು ಅಂದರೆ ಕಣ್ಣಳತೆ ಸಾಲದು, ಕೈಯಳತೆ ಬೇಕು. ಸೋಫಾದಲ್ಲಿ ಕೂತು ಫೋನ್ ನೋಡುತ್ತಾ ಆಗಾಗ ತಲೆ ಎತ್ತುವುದು ಕಾವಲಲ್ಲ. ಅಷ್ಟು ಹತ್ತಿರ ಕೂರಲು ಆಗದ ಹೊತ್ತಿನಲ್ಲಿ, ಅಡುಗೆ ಮಾಡುವಾಗ, ಸ್ನಾನಕ್ಕೆ ಹೋಗುವಾಗ, ನಡುವೆ ಗೇಟು ಹಾಕಿ. ಇದರಲ್ಲಿ ಮುಲಾಜು ಬೇಡ.

## ಹಂತ 3: ಮಗುವಿಗೆ ಮೊದಲ ಪಾಠ, ಮರ ಆಗುವುದು

ಇಲ್ಲಿಂದ ಮಗುವಿನ ಸರದಿ. ಓಡುವುದನ್ನು ಕಂಡರೆ ಅಟ್ಟಬೇಕು ಅನ್ನಿಸುವುದು ನಾಯಿಯ ಹುಟ್ಟುಗುಣ. ಕಿರುಚಾಟ, ಕೈ ಬೀಸುವುದು ಅದಕ್ಕೆ ಇನ್ನಷ್ಟು ಹುರುಪು ಕೊಡುತ್ತವೆ. ಅಲ್ಲಾಡದೆ ನಿಂತ ವಸ್ತುವಿನಲ್ಲಿ ಅದಕ್ಕೆ ಸ್ವಾರಸ್ಯ ಇಲ್ಲ. ಮೂಸುತ್ತದೆ, ಹೋಗುತ್ತದೆ.

ಮಗುವಿಗೆ ಹೀಗೆ ಕಲಿಸಿ:

1. ಇದ್ದಲ್ಲೇ ನಿಲ್ಲು. ಕಾಲು ನೆಲಕ್ಕೆ ಬೇರು ಬಿಟ್ಟಿವೆ.
2. ಕೈ ಎರಡೂ ಕೆಳಗೆ ಇಳಿಸಿ, ಹೊಟ್ಟೆಯ ಮುಂದೆ ಒಂದರ ಮೇಲೊಂದು ಮಡಚಿಕೋ. ಅವು ಕೊಂಬೆಗಳು.
3. ನಿನ್ನ ಪಾದ ನೋಡು. ನಾಯಿಯ ಕಣ್ಣು ನೋಡಬೇಡ.
4. ಮಾತಾಡಬೇಡ. ಮನಸ್ಸಿನಲ್ಲೇ ಎಣಿಸುತ್ತಿರು, ನಾಯಿ ಹೋಗುವ ತನಕ ಅಥವಾ ದೊಡ್ಡವರು ಬರುವ ತನಕ.

ಇದನ್ನು ಆಟವಾಗಿ ಆಡಿ. ನೀವೇ ನಾಯಿ ಆಗಿ ಬನ್ನಿ, ಮೂಸಿ, ಸುತ್ತು ಹಾಕಿ. ಮಗು ಕಿಸಕ್ಕನೆ ನಗುತ್ತದೆ, ನಗಲಿ. ನಾಲ್ಕನೇ ದಿನಕ್ಕೆ ನಗು ನಿಲ್ಲುತ್ತದೆ. ಆಮೇಲೆ ಹೇಳದೆ ಕೇಳದೆ, ಊಟದ ನಡುವೆ, ಆಟದ ನಡುವೆ, "ಮರ!" ಅನ್ನಿ. ನಿಜವಾದ ಗಾಬರಿಯಲ್ಲಿ ಮಗುವಿಗೆ ಯೋಚಿಸಲು ಹೊತ್ತಿರುವುದಿಲ್ಲ, ಮೈಗೆ ರೂಢಿಯಾದದ್ದು ಮಾತ್ರ ಬರುತ್ತದೆ. ಎರಡು ವಾರ ದಿನಾ ಆಡಿದರೆ ಆ ರೂಢಿ ಬರುತ್ತದೆ. ಎರಡೇ ದಿನ ಆಡಿ ಬಿಟ್ಟವರು ಆಮೇಲೆ "ನಮ್ಮ ಮಗುವಿಗೆ ಇದು ಹಿಡಿಸಲಿಲ್ಲ" ಅನ್ನುತ್ತಾರೆ.

ಇದರ ಜೊತೆಗೇ "ಕಲ್ಲು" ಕಲಿಸಿ. ನಾಯಿ ಕೆಡವಿಬಿಟ್ಟರೆ ಮಂಡಿ ಹೊಟ್ಟೆಗೆ ಮಡಚಿ, ಮುಖ ನೆಲದ ಕಡೆ ಮಾಡಿ, ಬೆರಳು ಹೆಣೆದು ಕುತ್ತಿಗೆಯ ಹಿಂದೆ ಇಟ್ಟು, ತೋಳಿನಿಂದ ಕಿವಿ ಮುಚ್ಚಿಕೊಳ್ಳುವುದು. ಸೈಕಲ್ ಮೇಲಿದ್ದಾಗ ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಿಲ್ಲುವುದು. ಮೇಲೆ ಬರುವ ನಾಯಿಯ ಮುಂದೆ ಚೀಲ, ಛತ್ರಿ, ಏನು ಕೈಗೆ ಸಿಗುತ್ತದೋ ಅದನ್ನು ಅಡ್ಡ ಹಿಡಿಯಬಹುದು. ಕಲ್ಲು ಹೊಡೆಯುವುದನ್ನು ಮಾತ್ರ ಕಲಿಸಬೇಡಿ. ಸುಮ್ನೆ ಹೋಗುತ್ತಿದ್ದ ನಾಯಿಯನ್ನೂ ಅದು ಕೆಣಕುತ್ತದೆ.

## ಹಂತ 4: ಹತ್ತಿರ ಹೋಗಬಾರದ ಹೊತ್ತು

ಈಗ ಗೊಂಬೆ ನಾಯಿ ತೆಗೆಯಿರಿ. ಅದನ್ನು ತಟ್ಟೆಯ ಮುಂದೆ ಇಡಿ. "ಈಗ ಹೋಗಬಹುದಾ?" ಹಾಸಿಗೆ ಮೇಲೆ ಮಲಗಿಸಿ. "ಈಗ?" ಕುರ್ಚಿಯ ಕಾಲಿಗೆ ದಾರದಿಂದ ಕಟ್ಟಿ. "ಈಗ?" ಹೀಗೆ ಆಡುವಾಗ ಈ ಸಂದರ್ಭಗಳೆಲ್ಲ ಬರಲಿ: ತಿನ್ನುವಾಗ, ಮಲಗಿದಾಗ, ಮೂಳೆ ಅಥವಾ ಆಟದ ಸಾಮಾನು ಕಚ್ಚುತ್ತಿರುವಾಗ, ಮರಿಗಳ ಜೊತೆ ಇರುವಾಗ, ಹುಷಾರಿಲ್ಲದಾಗ, ಗೇಟಿನ ಆಚೆ ಅಥವಾ ಕಾರಿನ ಒಳಗೆ ಇರುವಾಗ, ಕಟ್ಟಿಹಾಕಿರುವಾಗ.

ಕಟ್ಟಿದ ನಾಯಿಯ ವಿಷಯದಲ್ಲಿ ದೊಡ್ಡವರೇ ಎಡವುತ್ತಾರೆ. "ಕಟ್ಟಿದೆಯಲ್ಲ, ಹೋಗು ಪರವಾಗಿಲ್ಲ" ಅನ್ನುತ್ತಾರೆ. ಬಿಟ್ಟ ನಾಯಿಗೆ ಇಷ್ಟವಾಗದಿದ್ದರೆ ಎದ್ದು ಹೋಗುವ ದಾರಿ ಇದೆ. ಕಟ್ಟಿದ ನಾಯಿಗೆ ಆ ದಾರಿ ಇಲ್ಲ, ಉಳಿದಿರುವುದು ಹಲ್ಲು ಮಾತ್ರ. ಮಂಚದ ಕೆಳಗೆ, ಮೂಲೆಯಲ್ಲಿ ಸಿಕ್ಕಿಕೊಂಡ ನಾಯಿಗೂ ಇದೇ ಮಾತು.

ಮಗುವಿನ ಗೊಂಬೆಯನ್ನೋ ಚಪ್ಪಲಿಯನ್ನೋ ನಾಯಿ ಕಚ್ಚಿಕೊಂಡು ಹೋದರೆ ಹಿಂದೆ ಓಡಿ ಎಳೆಯುವುದಲ್ಲ, ನಿಮ್ಮನ್ನು ಕರೆಯುವುದು ಮಗುವಿನ ಕೆಲಸ. ಎರಡು ನಾಯಿ ಜಗಳ ಆಡುವಾಗ ಬಿಡಿಸಲು ಹೋಗುವುದೂ ಅದರ ಕೆಲಸವಲ್ಲ.

## ಹಂತ 5: ಎರಡು ಸಲ ಕೇಳುವುದು

ಮೊದಲ ಪ್ರಶ್ನೆ ಜೊತೆಗಿರುವ ದೊಡ್ಡವರಿಗೆ ಮತ್ತು ನಾಯಿಯ ಯಜಮಾನರಿಗೆ: "ಮುಟ್ಟಬಹುದಾ?" ಎರಡನೆಯದು ನಾಯಿಗೆ. ಯಜಮಾನರು ಹೂಂ ಅಂದ ಮಾತ್ರಕ್ಕೆ ನಾಯಿ ಹೂಂ ಅಂದ ಹಾಗಲ್ಲ. ಬೀದಿಯಲ್ಲಿ ಯಜಮಾನರು ಇಲ್ಲದ ನಾಯಿಯಾದರೆ ಮೊದಲ ಪ್ರಶ್ನೆಗೇ ಉತ್ತರ ಇಲ್ಲ, ಅಲ್ಲಿಗೆ ಮುಗಿಯಿತು.

ನಾಯಿಯನ್ನು ಕೇಳುವುದು ಹೀಗೆ. ಎರಡು ಮೂರು ಹೆಜ್ಜೆ ದೂರದಲ್ಲಿ, ಎದುರಾಗಿ ಅಲ್ಲ, ಸ್ವಲ್ಪ ಓರೆಯಾಗಿ ನಿಲ್ಲಬೇಕು. ಕೈ ಪಕ್ಕದಲ್ಲೇ ಇಳಿಬಿದ್ದಿರಲಿ. ಒಮ್ಮೆ ಮೆಲ್ಲಗೆ ಹೆಸರು ಕರೆದು ಕಾಯಬೇಕು. ನಾಯಿ ಸಡಿಲ ಮೈಯಿಂದ ತಾನೇ ಬಂದರೆ ಒಪ್ಪಿಗೆ. ನಿಂತಲ್ಲೇ ನಿಂತರೆ, ತಲೆ ತಿರುಗಿಸಿದರೆ, ಯಜಮಾನರ ಕಾಲ ಹಿಂದೆ ಸರಿದರೆ "ಬೇಡ" ಅಂತ. ಮೂಸಲಿ ಅಂತ ಮುಷ್ಟಿ ಮಾಡಿ ಮೂತಿಗೆ ಹಿಡಿಯುವುದನ್ನು ತುಂಬಾ ಜನ ಕಲಿಸುತ್ತಾರೆ. ಬೇಕಿಲ್ಲ. ಅದಕ್ಕೆ ಅಷ್ಟು ದೂರದಿಂದಲೇ ವಾಸನೆ ಸಿಕ್ಕಿರುತ್ತದೆ. ಮುಖಕ್ಕೆ ಬಂದ ಕೈಯಿಂದ ಹಿಂದೆ ಸರಿಯುವ ನಾಯಿಗಳೂ ಇವೆ.

"ಬೇಡ" ಅಂದಾಗ "ಸರಿ, ಟಾಟಾ" ಅಂದು ಹಿಂದೆ ಬರುವುದನ್ನೂ ಬೇರೆಯಾಗಿ ಅಭ್ಯಾಸ ಮಾಡಿಸಿ. ಅದೂ ಒಂದು ಗೆಲುವು ಅಂತ ಮಗುವಿಗೆ ಅನ್ನಿಸಬೇಕು. ಹಾಗೆ ಹಿಂದೆ ಬಂದ ಪ್ರತಿ ಸಲವೂ ನೀವು ಹೊಗಳಬೇಕು.

## ಹಂತ 6: ಮುಟ್ಟುವುದು

ಒಪ್ಪಿಗೆ ಸಿಕ್ಕಿತು. ನೀವು ಮಗುವಿನ ಪಕ್ಕದಲ್ಲೇ ಮಂಡಿಯೂರಿ. ಯಜಮಾನರ ಕೈಯಲ್ಲಿ ನಾಯಿಯ ಬೆಲ್ಟು ಸಡಿಲವಾಗಿರಲಿ. ಬಿಗಿದು ಹಿಡಿದರೆ ನಾಯಿಯೂ ಬಿಗಿಯುತ್ತದೆ.

ಒಂದೇ ಕೈ. ತೆರೆದ ಅಂಗೈ. ಭುಜ, ಎದೆಯ ಪಕ್ಕ, ಬೆನ್ನಿನ ಬದಿ. ಕೂದಲು ಹೋದ ದಿಕ್ಕಿನಲ್ಲೇ ನಿಧಾನವಾಗಿ ಸವರುವುದು. ಒಂದು, ಎರಡು, ಮೂರು. ಕೈ ತೆಗೆ. ಕಾಯಿ.

ಈ ಕೈ ತೆಗೆಯುವುದರಲ್ಲೇ ಎಲ್ಲ ಇದೆ. ನಾಯಿ ಮೂತಿಯಿಂದ ಕೈಯನ್ನು ತಟ್ಟಿದರೆ, ಮೈ ಒರಗಿಸಿದರೆ, ಇನ್ನೂ ಹತ್ತಿರ ಬಂದರೆ ಮತ್ತೆ ಮೂರು ಎಣಿಸುವಷ್ಟು ಸವರಬಹುದು. ಸುಮ್ಮನಿದ್ದರೆ, ಆಚೆ ನೋಡಿದರೆ, ಮೈ ಕೊಡವಿದರೆ ಸಾಕು ಅಂತ. ಮಗಳಿಗೆ ನಾನು ಇದನ್ನು "ನಾಯಿ ಇನ್ನೊಂದ್ಸಲ ಕೇಳುತ್ತಾ ನೋಡು" ಅಂತ ಹೇಳಿಕೊಟ್ಟೆ. ಆ ಮೂರು ಸೆಕೆಂಡಿನ ಮೌನದಲ್ಲಿ ಅವಳು ಉಸಿರು ಬಿಗಿಹಿಡಿದು ನಾಯಿಯ ಮುಖವನ್ನೇ ನೋಡುತ್ತಿದ್ದಳು. ಅದುವರೆಗೂ ಅವಳು ನೋಡಿದ್ದು ಬರೀ ಅದರ ಕೂದಲನ್ನು.

ತಲೆಯ ಮೇಲಿನಿಂದ ಕೈ ತರುವುದು, ಬಾಲ, ಕಿವಿ, ಪಂಜ ಹಿಡಿಯುವುದು, ಮೈ ಮೇಲೆ ಹತ್ತುವುದು ಬೇಡ. ತಬ್ಬುವುದು, ಮುತ್ತು ಕೊಡುವುದು ಬೇಡವೇ ಬೇಡ. ನಮಗೆ ಅದು ಪ್ರೀತಿ, ನಾಯಿಗೆ ಅದು ಕುತ್ತಿಗೆಗೆ ಬಿದ್ದ ಬಿಗಿತ. ಮುತ್ತು ಕೊಡಲು ಬಾಗಿದ ಮುಖ ಹಲ್ಲಿನ ಎದುರಿಗೇ ಇರುತ್ತದೆ. ತಿಂಡಿ ಕೊಡುವ ಆಸೆಯಿದ್ದರೆ ನೆಲದ ಮೇಲೆ ಎಸೆಯಲಿ. ಕೈಯಲ್ಲಿ ಹಿಡಿದ ಮಗು ಕೊನೆಯ ಗಳಿಗೆಯಲ್ಲಿ ಹೆದರಿ ಕೈ ಮೇಲೆತ್ತುತ್ತದೆ, ನಾಯಿ ಅದರ ಹಿಂದೆಯೇ ನೆಗೆಯುತ್ತದೆ.

ಮೊದಲ ದಿನ ಒಟ್ಟು ಎರಡು ನಿಮಿಷ ಸಾಕು.

## ಪದೇ ಪದೇ ಆಗುವ ತಪ್ಪುಗಳು

ದೊಡ್ಡ ತಪ್ಪು ಹಂತ ಹಾರುವುದು. "ಇವನಿಗೆ ನಾಯಿ ಅಂದ್ರೆ ಪ್ರಾಣ" ಅಂತ ನೇರ ಆರನೆಯದಕ್ಕೆ ಹೋಗುತ್ತಾರೆ. ನಾಯಿಯನ್ನು ಪ್ರೀತಿಸುವ ಮಗುವಿಗೆ ಮೂರನೆಯದೂ ಐದನೆಯದೂ ಇನ್ನೂ ಜಾಸ್ತಿ ಬೇಕು, ಅಲ್ವಾ? ಹೆದರುವ ಮಗು ದೂರವಾದರೂ ಇರುತ್ತದೆ.

ಇನ್ನೊಂದು, ಬರೀ "ಬೇಡ, ಬೇಡ" ಅನ್ನುವುದು. "ಓಡಬೇಡ" ಅಂದರೆ ಮಗುವಿಗೆ ಕೇಳಿಸುವುದು "ಓಡು" ಮಾತ್ರ. "ಮರ ಆಗು" ಅಂದರೆ ಮಾಡಲು ಒಂದು ಕೆಲಸ ಸಿಗುತ್ತದೆ.

ಮತ್ತೆ, "ಊಟ ಮಾಡದಿದ್ದರೆ ನಾಯಿಗೆ ಹಿಡಿದು ಕೊಡ್ತೀನಿ" ಅಂತ ಹೆದರಿಸುವುದು. ಎರಡು ವಾರದ ಮರದಾಟ ಅಲ್ಲಿಗೆ ನೀರಿನಲ್ಲಿ ಹೋಮ.

## ಪಾಠ ಅಲ್ಲಿಗೇ ನಿಲ್ಲಿಸಿ, ಹೀಗಾದರೆ

ನಾಯಿ ಮಗು ಬಂದ ಕೂಡಲೇ ಕೋಣೆ ಬಿಟ್ಟು ಹೋಗುತ್ತಿದ್ದರೆ, ಮಗುವಿನ ಓಡಾಟವನ್ನು ಕಣ್ಣು ನೆಟ್ಟು ಹಿಂಬಾಲಿಸುತ್ತಿದ್ದರೆ, ತಟ್ಟೆಯ ಹತ್ತಿರ ಮೈ ಬಿಗಿದರೆ, ನಡುವೆ ಗೇಟು ಹಾಕಿ. ಇಷ್ಟು ದಿನ ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕಿದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ, ಹಲ್ಲು ಅಥವಾ ಕೀಲಿನ ನೋವು ಇರಬಹುದು. ಮಗುವಿನ ಕಡೆಯಿಂದಲೂ ಗುರುತುಗಳಿವೆ: ಅತಿಯಾಗಿ ಕುಣಿಯುವುದು, ಹಸಿವು, ನಿದ್ದೆಗಣ್ಣು. ಆ ದಿನ ಪಾಠ ಬೇಡ.

## ಕಚ್ಚಿದರೆ, ಪರಚಿದರೆ

ಕ್ರಮ ಇಷ್ಟು, ಹಿಂದುಮುಂದು ಮಾಡಬೇಡಿ.

1. ಹರಿಯುವ ನೀರಿನಲ್ಲಿ, ಸೋಪು ಹಾಕಿ, 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಅಂದಾಜಿನ 15 ನಿಮಿಷ ಮೂರು ನಿಮಿಷಕ್ಕೇ ಮುಗಿಯುತ್ತದೆ. ರಕ್ತ ಜೋರಾಗಿ ಚಿಮ್ಮುತ್ತಿದ್ದರೆ ಮಾತ್ರ ಮೊದಲು ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಓಡಿ.
2. ಗಾಯದ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಔಷಧ ಇದ್ದರೆ ಹಚ್ಚಿ. ಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಬಿಗಿಯಾಗಿ ಕಟ್ಟುವುದೂ ಬೇಡ.
3. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮ ಸ್ವಲ್ಪ ತರಚಿದ್ದರೂ, ಇದ್ದ ಗಾಯವನ್ನು ನಾಯಿ ನೆಕ್ಕಿದ್ದರೂ ಹೋಗಿ.
4. ನಾಯಿಗೆ ಲಸಿಕೆ ಆಗಿದೆಯಾ ಅಂತ ಯಜಮಾನರನ್ನು ಕೇಳಿ, ದಾಖಲೆ ಇದ್ದರೆ ಅದರ ಫೋಟೊ ತೆಗೆದುಕೊಂಡು ವೈದ್ಯರಿಗೆ ತೋರಿಸಿ. "ಹತ್ತು ದಿನ ನಾಯಿಯನ್ನು ನೋಡೋಣ, ಆಮೇಲೆ ಇಂಜೆಕ್ಷನ್" ಅಂತ ನೀವೇ ತೀರ್ಮಾನ ಮಾಡಬೇಡಿ.

ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕಿ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅದಕ್ಕೂ ಮುಂಚೆ, ಸರಿಯಾದ ಹೊತ್ತಿಗೆ ಲಸಿಕೆ ಸಿಕ್ಕರೆ ತಡೆಯಬಹುದು. ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುವುದರಿಂದ "ಏನೂ ಆಗಿಲ್ವಲ್ಲ" ಅಂತ ಕೂರುವವರಿದ್ದಾರೆ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಒಳಗೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗಬಹುದು, ಕೇಳಿ ತಿಳಿದುಕೊಳ್ಳಿ. ಲಸಿಕೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಸ್ನಾಯುವಿಗೆ ಕೊಡುವ ಒಂದು ರೂಢಿಯ ಕ್ರಮದಲ್ಲಿ 0 (ಅಂದರೆ ಮೊದಲ ಚುಚ್ಚುಮದ್ದಿನ ದಿನ), 3, 7, 14 ಮತ್ತು 28ನೇ ದಿನ ಬರುತ್ತವೆ. ವೈದ್ಯರು ಬರೆದುಕೊಟ್ಟ ದಿನಾಂಕಗಳಿಗೆ ಫೋನಿನಲ್ಲಿ ಅಲಾರಂ ಇಡಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ರೇಬಿಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು 40% ಜನ 15 ವರ್ಷದೊಳಗಿನ ಮಕ್ಕಳು. ಅವರಲ್ಲಿ ಮನೆಯಲ್ಲಿ ಹೇಳದೆ ಮುಚ್ಚಿಡುವವರೂ ಇರುತ್ತಾರೆ. ಕಾರಣ ನಾಯಿಯ ಭಯವಲ್ಲ, ಬೈಗುಳದ ಭಯ. ಹಾಗಾಗಿ ಮೂರನೇ ಹಂತದ ಮರದಾಟಕ್ಕೆ ಇನ್ನೊಂದು ಆಟ ಸೇರಿಸಿ: ಮಗು ಓಡಿ ಬಂದು "ನಾಯಿ ಕಚ್ಚಿತು" ಅಂತ ಹೇಳುವುದು, ನೀವು "ಹೇಳಿದ್ದು ಒಳ್ಳೇದಾಯ್ತು, ಬಾ ತೊಳೆಯೋಣ" ಅನ್ನುವುದು. ನನ್ನ ಮಗಳು ಒಮ್ಮೆ ಕೈಯಲ್ಲಿ ಗೀರು ತೋರಿಸುತ್ತಾ ಇದೇ ಮಾತು ಹೇಳಿಕೊಂಡು ಬಂದಳು. ಆಟ ಅಂದುಕೊಂಡು ನಗಲು ಹೊರಟವನು ಗೀರು ನೋಡಿ ನಲ್ಲಿ ತಿರುಗಿಸಿದೆ.